ಹೊಸ ಹೇಂಟೆಗೆ ಹಳೆಯ ಅಂಗಳ

ಮಂಗಳೂರಿನ ನಂತೂರು ವೃತ್ತದಲ್ಲೋ ಪಡೀಲಿನ ತಿರುವಿನಲ್ಲೋ ಬೆಳಗ್ಗೆ ಬೇಗ ಓಡಾಡುವವರಿಗೆ ಕೋಳಿ ತುಂಬಿದ ಪಿಕಪ್ ಗಾಡಿಗಳು ಹೊಸತಲ್ಲ. ಕ್ರೇಟಿನ ಮೇಲೆ ಕ್ರೇಟು ಪೇರಿಸಿಕೊಂಡು ವೇಗವಾಗಿ ಸಾಗುವ ಆ ಗಾಡಿಗಳಿಂದ ಒಮ್ಮೊಮ್ಮೆ ಒಂದು ಕೋಳಿ ಜಾರಿ ರಸ್ತೆಗೆ ಬೀಳುತ್ತದೆ. ಹಿಂದಿನಿಂದ ಬರುವ ಬಸ್ಸು ಅದರ ಮೇಲೆ ಹಾಯುವ ಮೊದಲು ಯಾರೋ ಸ್ಕೂಟರ್ ನಿಲ್ಲಿಸಿ ಎತ್ತಿಕೊಳ್ಳುತ್ತಾರೆ. ಜಾತ್ರೆಯಲ್ಲಿ ಮಗು ಹಟ ಮಾಡಿ ಕೊಂಡ ಗುಲಾಬಿ ಬಣ್ಣದ ಮರಿ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ದೊಡ್ಡದಾಗಿ ಕೂಗಲು ಶುರುಮಾಡಿದಾಗ ಅದಕ್ಕೂ ಒಂದು ಅಂಗಳ ಹುಡುಕಬೇಕಾಗುತ್ತದೆ. ಮೊಟ್ಟೆ ಫಾರ್ಮಿನವರು ಒಂದೂವರೆ ವರ್ಷ ದಾಟಿತೆಂದು ಮಾಂಸಕ್ಕೆ ಮಾರುವ ಬಿಳಿ ಹೇಂಟೆಗಳಲ್ಲಿ ಎರಡನ್ನು ಕರುಣೆಯಿಂದ ಬಿಡಿಸಿಕೊಂಡು ಬಂದವರೂ ಇದ್ದಾರೆ. ಇನ್ನು ಕೋಳಿ ಅಂಕದ ಮೇಲೆ ಪೊಲೀಸರು ದಾಳಿ ಮಾಡಿದಾಗ ಸಿಕ್ಕ ಹುಂಜಗಳ ಕತೆ ಬೇರೆಯೇ; ಅದಕ್ಕೆ ಆಮೇಲೆ ಬರುತ್ತೇನೆ.

ಇವೆಲ್ಲ ಕೊನೆಗೆ ತಲುಪುವುದು ಕುಲಶೇಖರ, ಬೊಂದೇಲ್, ಕಾವೂರು, ಜೆಪ್ಪುವಿನ ಕಡೆ ಈಗಲೂ ಉಳಿದಿರುವ ಹಂಚಿನ ಮನೆಗಳ ಹಿತ್ತಿಲಿಗೆ. ಅಲ್ಲಿ ಐದಾರು ಊರಿನ ಕೋಳಿ, ಒಂದೆರಡು ಟೈಸನ್ ತಳಿಯ ಕೋಳಿ, ಒಂದು ಹುಂಜ ಆಗಲೇ ಇರುತ್ತವೆ. ತಂದವರ ಮನಸ್ಸಿಗೆ ಮೊದಲು ಹೊಳೆಯುವುದು ಒಂದೇ: ಪಾಪ, ಇಷ್ಟು ದಿನ ಪಂಜರದಲ್ಲಿತ್ತು, ಈಗಲಾದರೂ ಉಳಿದವುಗಳ ಜತೆ ಮಣ್ಣಿನಲ್ಲಿ ಓಡಾಡಲಿ. ಪೆಟ್ಟಿಗೆ ತೆರೆದು ಬಿಡುತ್ತಾರೆ. ನಾನು ಕೇಳಿಕೊಳ್ಳುವುದು ಇಷ್ಟೇ: ಆ ಪೆಟ್ಟಿಗೆಯನ್ನು ಹಿತ್ತಿಲಲ್ಲಿ ತೆರೆಯಬೇಡಿ. ಸುಮಾರು ಒಂದು ತಿಂಗಳು ಹೊಸ ಕೋಳಿ ಬೇರೆಯೇ ಇರಲಿ. ಹಳೆಯ ಕೋಳಿಗಳಿಗೆ ಹೇಗೋ ಹಾಗೆಯೇ ಬಂದ ಕೋಳಿಗೂ ಜೀವ ಉಳಿಸುವ ತಿಂಗಳು ಅದು.

ಕಾರಣ ಹೇಳುತ್ತೇನೆ. ಬೋಳು ಮೈ, ಬಿಳಿಚಿದ ಜುಟ್ಟು, ಉದ್ದ ಬೆಳೆದ ಉಗುರಿನ ಫಾರ್ಮ್ ಹೇಂಟೆಯನ್ನು ನೋಡಿದರೆ ಅದೇ ರೋಗದ ಗೂಡು, ನಮ್ಮ ಹೊಳೆಯುವ ಗರಿಯ ಊರಿನ ಕೋಳಿ ಆರೋಗ್ಯದ ಪ್ರತಿರೂಪ ಅನಿಸುತ್ತದೆ. ರಾಣಿಖೇತ್ ಎಂಬ ಕೋಳಿಗಳ ವೈರಸ್ ರೋಗದ ಮಟ್ಟಿಗೆ ನೋಡಿದರೆ ಸ್ಥಿತಿ ತಿರುಗುಮುರುಗು. ವಾಣಿಜ್ಯ ಫಾರ್ಮಿನ ಮೊಟ್ಟೆಕೋಳಿಗೆ ಮರಿಯಾಗಿದ್ದಾಗಿನಿಂದ ಹಲವು ಸಲ ಲಸಿಕೆ ಬಿದ್ದಿರುತ್ತದೆ. ಹಿತ್ತಿಲಿನ ಕೋಳಿಗೆ ಹೆಚ್ಚಿನ ಮನೆಗಳಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ. ಲಸಿಕೆ ಪಡೆದ ಕೋಳಿ ರೋಗದಿಂದ ಮಲಗದಿದ್ದರೂ ವೈರಸ್ಸನ್ನು ಹೊತ್ತು ತಿರುಗಿ ಹಿಕ್ಕೆಯಲ್ಲಿ, ಸಿಂಬಳದಲ್ಲಿ ಹೊರಹಾಕಬಲ್ಲದು. ಅಂದರೆ ಬಡಕಲು ಕೋಳಿ ನಿಂತೇ ಇರುತ್ತದೆ, ಹಿತ್ತಿಲಿನ ಗಟ್ಟಿಮುಟ್ಟಾದವೆಲ್ಲ ಒಂದೇ ವಾರದಲ್ಲಿ ಹಸಿರು ಭೇದಿ ಹಾಕಿ, ಕತ್ತು ತಿರುಚಿ ಸಾಯುತ್ತವೆ. ಲಸಿಕೆ ಇಲ್ಲದ ಗುಂಪಿಗೆ ಉಗ್ರ ತಳಿಯ ರಾಣಿಖೇತ್ ಹೊಕ್ಕರೆ ಬಹುತೇಕ ಎಲ್ಲವೂ ಹೋಗುತ್ತವೆ, ಅದಕ್ಕೆ ಮದ್ದಿಲ್ಲ.

ಇನ್ನೊಂದು ಬದಿಯಿಂದ ನೋಡಿ. ಪಂಜರದ ಹೇಂಟೆ ತಂತಿಯ ಮೇಲೆ ಬೆಳೆದದ್ದು. ಹಿಕ್ಕೆ ಕೆಳಗೆ ಬೀಳುತ್ತದೆ, ಕೋಳಿ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಮಣ್ಣಿನಲ್ಲಿ ಇರುವ ರಕ್ತಭೇದಿಯ ಪರಾವಲಂಬಿಗಳು, ಅಂದರೆ ಕಾಕ್ಸಿಡಿಯಾ, ಅದಕ್ಕೆ ಹೆಚ್ಚು ಪರಿಚಯವಿರುವುದಿಲ್ಲ. ಹಿತ್ತಿಲಿನ ಕೋಳಿಗಳು ಮರಿಯಾಗಿದ್ದಾಗಲೇ ಅದನ್ನು ಸ್ವಲ್ಪಸ್ವಲ್ಪವಾಗಿ ಕಂಡು ತಾಳಿಕೊಂಡಿರುತ್ತವೆ. ಅವುಗಳ ಹಿಕ್ಕೆ ಬಿದ್ದ ಒದ್ದೆ ನೆಲಕ್ಕೆ ಪಂಜರದ ಕೋಳಿಯನ್ನು ನೇರವಾಗಿ ಇಳಿಸಿದರೆ ಅಪಾಯ ಹೊಸಬಳಿಗೇ. ನಮ್ಮ ಕರಾವಳಿಯ ಮಳೆಗಾಲವಂತೂ ಕಾಕ್ಸಿಡಿಯಾಕ್ಕೆ ಹೇಳಿ ಮಾಡಿಸಿದ ಕಾಲ. ಬೆಚ್ಚನೆಯ ತೇವದಲ್ಲಿ ಅದರ ಮೊಟ್ಟೆಗಳು ಒಂದೆರಡು ದಿನದಲ್ಲೇ ಸೋಂಕು ತಗಲಿಸುವ ಹಂತಕ್ಕೆ ಬರುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಂದ ಕೋಳಿಯನ್ನು ತಿಂಗಳಿಗಿಂತ ಹೆಚ್ಚೇ ಬೇರೆ ಇಡಿ. ಸಾಧ್ಯವಾದರೆ ಮಣ್ಣಿಗೆ ಬಿಡುವ ಕೆಲಸವನ್ನು ನವರಾತ್ರಿ ಕಳೆದು ನೆಲ ಒಣಗಿದ ಮೇಲೆ ಇಟ್ಟುಕೊಳ್ಳಿ.

ಐದು ಸೆಂಟ್ಸ್ ಜಾಗದಲ್ಲಿ ಬೇರೆ ಇಡುವುದೆಲ್ಲಿ ಎಂದು ಕೇಳುತ್ತೀರಿ. ಹಿತ್ತಿಲಿನ ಗೂಡಿನಿಂದ ದೂರ, ಮನೆಯ ಇನ್ನೊಂದು ಮಗ್ಗುಲು ಸಾಕು. ಕಾರ್ ನಿಲ್ಲಿಸುವ ಶೆಡ್ಡಿನ ಮೂಲೆ, ಸೌದೆ ಕೊಟ್ಟಿಗೆ, ಶೀಟು ಹಾಕಿದ ಬಚ್ಚಲಿನ ಪಕ್ಕ, ಎಲ್ಲಾದರೂ ಸರಿ. ಗಾಳಿ ಹೊಸ ಕೋಳಿಯ ಕಡೆಯಿಂದ ಹಳೆಯವುಗಳ ಕಡೆ ಬೀಸದಿರಲಿ. ತಾರಸಿ ಒಳ್ಳೆಯ ಜಾಗ, ಆದರೆ ಏಪ್ರಿಲ್, ಮೇಯಲ್ಲಿ ಬೇಡ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ನಮ್ಮ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಅದೂ ಸರಿಯಾಗಿ ಆಗುವುದಿಲ್ಲ. ತಾರಸಿಗೆ ಹಾಕಿದ ಶೀಟಿನ ಕೆಳಗಿನ ಕಾವು ಮಧ್ಯಾಹ್ನ ಎರಡು ಗಂಟೆಗೆ ಅದನ್ನು ಕೊಲ್ಲಬಹುದು.

ಬೇರೆ ಇಟ್ಟ ಮೇಲೆ ದಿನಚರಿಯ ಕ್ರಮ ಮುಖ್ಯ. ಮೊದಲು ಹಳೆಯ ಕೋಳಿಗಳಿಗೆ ನೀರು, ಆಹಾರ, ಕೊನೆಗೆ ಹೊಸತಕ್ಕೆ. ಹೊಸತರ ಬಳಿ ಹೋಗಲು ಒಂದು ಜತೆ ರಬ್ಬರ್ ಚಪ್ಪಲಿ ಅಲ್ಲೇ ಇರಲಿ, ಪಾತ್ರೆ, ಪೊರಕೆ ಅದರದ್ದೇ ಇರಲಿ. ಬಂದು ಕೈ ಸಾಬೂನಿನಿಂದ ತೊಳೆಯಿರಿ. ಕೋಳಿಯಿಂದ ಬರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ನಮಗೂ ತಗಲುವಂಥದ್ದು, ಮಕ್ಕಳಿರುವ ಮನೆಯಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಕಾಗೆ ಬಂದು ಎರಡೂ ಕಡೆಯ ಪಾತ್ರೆಗೆ ಬಾಯಿ ಹಾಕಿದರೆ ನಮ್ಮ ಶ್ರಮವೆಲ್ಲ ನೀರಿಗೆ ಹೋಯಿತು. ಆದ್ದರಿಂದ ಮೇಲೂ ಮೆಶ್ ಹಾಕಬೇಕು.

ಈ ದಿನಗಳಲ್ಲಿ ದಿನಾ ಒಮ್ಮೆ ಕೈಗೆತ್ತಿಕೊಂಡು ನೋಡಿ. ಕಣ್ಣಿನಲ್ಲಿ ನೊರೆ ಇದೆಯೇ, ಮೂಗಿನ ಹೊಳ್ಳೆ ಕಟ್ಟಿದೆಯೇ, ಮುಖ ಊದಿದೆಯೇ, ಉಸಿರಿಗೆ ಕೆಟ್ಟ ವಾಸನೆ ಇದೆಯೇ? ರಾತ್ರಿ ಗೂಡಿನ ಹತ್ತಿರ ಕಿವಿಗೊಟ್ಟರೆ ಗೊರಗೊರ ಕೇಳುತ್ತದೆಯೇ? ಬಾಲದ ಕೆಳಗಿನ ಗರಿಗಳ ಬುಡ ಬಿಡಿಸಿದರೆ ಹೇನು ಇದ್ದರೆ ಓಡುವುದು ಕಾಣುತ್ತದೆ. ಕಾಲಿನ ಹುರುಪೆಗಳು ಎದ್ದು ನಿಂತಂತಿದ್ದರೆ ಅದು ಕಾಲಿನ ನುಸಿ; ಬೆಚ್ಚಗಿನ ನೀರಿನಲ್ಲಿ ತೊಳೆದು ತೆಂಗಿನೆಣ್ಣೆ ದಪ್ಪಗೆ ಹಚ್ಚುತ್ತ ಬಂದರೆ ನುಸಿ ಉಸಿರುಗಟ್ಟಿ ಸಾಯುತ್ತದೆ. ಜಂತಿಗೆ ಪಶುವೈದ್ಯರನ್ನು ಕೇಳಿಯೇ ಮದ್ದು ಹಾಕಿ. ಹಿಕ್ಕೆಯನ್ನು ಒಂದು ಡಬ್ಬಿಯಲ್ಲಿ ಸರಕಾರಿ ಪಶು ಆಸ್ಪತ್ರೆಗೆ ಒಯ್ದರೆ ಜಂತಿನ ಮೊಟ್ಟೆ, ಕಾಕ್ಸಿಡಿಯಾ ಎರಡೂ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ರಾಣಿಖೇತ್ ತಗಲಿದ ಮೇಲೆ ಲಕ್ಷಣ ಕಾಣಲು 2ರಿಂದ 15 ದಿನ ಬೇಕು. ಮೂರು ವಾರಕ್ಕಿಂತ ಕಡಿಮೆ ಬೇಡ, ನಾಲ್ಕು ಆದರೆ ನೆಮ್ಮದಿ ಎನ್ನುವ ಲೆಕ್ಕ ಬಂದದ್ದು ಅದರಿಂದ. ನಡುವೆ ಶೀತ ಕಾಣಿಸಿದರೆ ಎಣಿಕೆಯನ್ನು ಪುನಃ ಒಂದರಿಂದ ಶುರುಮಾಡಿ. ಮೈಕೋಪ್ಲಾಸ್ಮಾದಿಂದ ಬರುವ ದೀರ್ಘಕಾಲದ ಶೀತವಾದರೆ ಗುಣವಾದಂತೆ ಕಂಡ ಕೋಳಿಯೂ ಜೀವನಪರ್ಯಂತ ಅದನ್ನು ಹೊತ್ತಿರುತ್ತದೆ. ಅಂಥದ್ದನ್ನು ಗುಂಪಿಗೆ ಸೇರಿಸುವ ಆಸೆಯನ್ನೇ ಬಿಟ್ಟು ಬೇರೆ ಸಂಸಾರ ಹೂಡಿಕೊಡಬೇಕು.

ಇದೇ ತಿಂಗಳಲ್ಲಿ ಮನೆಯ ಕೋಳಿಗಳಿಗೆ ರಾಣಿಖೇತ್ ಲಸಿಕೆ ಮುಗಿಸಿಬಿಡಬೇಕು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ ತಯಾರಿಸುವ ಲಸಿಕೆ ಪಶು ಆಸ್ಪತ್ರೆಗಳ ಮೂಲಕ ಬರುತ್ತದೆ, ಖಾಸಗಿ ಕಂಪೆನಿಗಳದ್ದು ಔಷಧದಂಗಡಿಯಲ್ಲೂ ಸಿಗುತ್ತದೆ. ಬೆಳೆದ ಕೋಳಿಗೆ ಸುಲಭವಾದದ್ದು ಕುಡಿಯುವ ನೀರಿನಲ್ಲಿ ಕೊಡುವ ಲಸೋಟಾ. ಇಲ್ಲಿ ಮಂಗಳೂರಿನವರು ಗಮನಿಸಬೇಕಾದ ಒಂದು ವಿಷಯವುಂಟು. ತುಂಬೆಯಿಂದ ಬರುವ ನಗರಪಾಲಿಕೆಯ ನಳ್ಳಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಲಸಿಕೆಯಲ್ಲಿರುವುದು ಜೀವಂತ ವೈರಸ್. ಕ್ಲೋರಿನ್ ಅದನ್ನು ಕೋಳಿಯ ಬಾಯಿಗೆ ಹೋಗುವ ಮೊದಲೇ ಕೊಂದುಹಾಕುತ್ತದೆ. ಲಸಿಕೆ ಹಾಕಿದರೂ ಕೋಳಿ ಸತ್ತವು ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟಿರಬೇಕು ಎಂದು ನನ್ನ ಅನುಮಾನ. ಬಾವಿ ನೀರು ತೆಗೆದುಕೊಳ್ಳಿ, ಅದಕ್ಕೆ ಇತ್ತೀಚೆಗೆ ಬ್ಲೀಚಿಂಗ್ ಪುಡಿ ಹಾಕಿರಬಾರದು. ನೀರಿಗೆ ಮೊದಲೇ ಕೆನೆ ತೆಗೆದ ಹಾಲಿನ ಪುಡಿ ಲೀಟರಿಗೆ ಒಂದು ಚಮಚದಂತೆ ಕಲಸಿಟ್ಟರೆ ಲಸಿಕೆಗೆ ರಕ್ಷಣೆ. ಲಸಿಕೆಯ ಶೀಶೆ ಮಂಜುಗಡ್ಡೆಯಲ್ಲಿಯೇ ಮನೆಗೆ ಬರಬೇಕು. ಬೆಳಗ್ಗೆ ಕೋಳಿಗಳಿಗೆ ಒಂದೆರಡು ಗಂಟೆ ನೀರು ಕೊಡದೆ, ಬಾಯಾರಿದ ಹೊತ್ತಿಗೆ ಈ ನೀರಿಟ್ಟು, ಎರಡು ಗಂಟೆಯೊಳಗೆ ಮುಗಿಯುವಂತೆ ನೋಡಿಕೊಳ್ಳಬೇಕು. ಶೀಶೆ ನೂರಾರು ಡೋಸಿನದ್ದು, ನಮ್ಮಲ್ಲಿರುವುದು ಆರು ಕೋಳಿ ಎಂದು ಹಿಂದೆಗೆಯಬೇಡಿ. ಆಚೀಚೆ ಮನೆಯವರನ್ನು ಸೇರಿಸಿಕೊಂಡು ಒಂದೇ ಬೆಳಗ್ಗೆ ಎಲ್ಲರ ಹಿತ್ತಿಲಿಗೂ ಕೊಟ್ಟರಾಯಿತು, ಓಣಿಗೇ ಒಳ್ಳೆಯದು. ರಕ್ಷಣೆ ಬಲಿಯಲು ಸುಮಾರು ಎರಡು ವಾರ ಬೇಕು. ಅಷ್ಟರಲ್ಲಿ ಹೊಸ ಕೋಳಿಯ ತಿಂಗಳೂ ಮುಗಿಯುತ್ತ ಬರುತ್ತದೆ.

ಕಾರಣವಿಲ್ಲದೆ ಒಮ್ಮೆಲೇ ಮೂರ್ನಾಲ್ಕು ಕೋಳಿ ಸತ್ತರೆ ತೆಂಗಿನ ಬುಡದಲ್ಲಿ ಹೂತು ಸುಮ್ಮನಿರುವ ಅಭ್ಯಾಸವನ್ನೂ ಬಿಡಬೇಕು. 2012ರಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಕೇಂದ್ರ ಸರಕಾರದ ಕೋಳಿ ಸಾಕಣೆ ಕೇಂದ್ರಕ್ಕೇ ಹಕ್ಕಿಜ್ವರ ಬಂದಿತ್ತು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಿ. 1962 ಅವರ ಸಹಾಯವಾಣಿ.

ಇಷ್ಟು ಹೊತ್ತು ರೋಗದ ಮಾತಾಯಿತು. ಆ ತಿಂಗಳಲ್ಲಿ ಹೊಸ ಹೇಂಟೆಗೆ ಆಗುವ ಲಾಭವೇ ನನಗೆ ಹೆಚ್ಚು ಪ್ರಿಯವಾದ ವಿಷಯ. ನಮ್ಮ ದೇಶದ ಮೊಟ್ಟೆ ಫಾರ್ಮುಗಳ ಪಂಜರದಲ್ಲಿ ಒಂದು ಕೋಳಿಗೆ ದೊರೆಯುತ್ತ ಬಂದಿರುವ ಜಾಗ ಒಂದು ಎ4 ಹಾಳೆಗಿಂತ ಕಡಿಮೆ. ರೆಕ್ಕೆ ಬಿಚ್ಚುವಂತಿಲ್ಲ, ಕೆದಕಲು ನೆಲವಿಲ್ಲ, ಕೂರಲು ಕೋಲಿಲ್ಲ. ಕಾನೂನು ಆಯೋಗ 2017ರ ಜುಲೈಯಲ್ಲಿ ಕೊಟ್ಟ 269ನೇ ವರದಿ ಇದನ್ನೇ ಕುರಿತದ್ದು, ಜತೆಗೆ ಕರಡು ನಿಯಮಗಳನ್ನೂ ಇಟ್ಟಿತ್ತು. ಯುರೋಪ್ ಒಕ್ಕೂಟದಲ್ಲಿ ಬರಿಯ ತಂತಿ ಪಂಜರಗಳು 2012ರ ಆರಂಭಕ್ಕೆ ನಿಷೇಧವಾದವು. ಬ್ರಿಟನ್ನಿನಲ್ಲಿ ಜೇನ್ ಹೋವರ್ತ್ ಎಂಬವರು 2005ರಲ್ಲಿ ಕಟ್ಟಿದ ಸಂಸ್ಥೆಯೊಂದು ಫಾರ್ಮುಗಳು ಹೊರಹಾಕುವ ಹೇಂಟೆಗಳನ್ನು ಮನೆಮನೆಗೆ ದತ್ತು ಕೊಡುತ್ತ ಬಂದಿದೆ. ನಮ್ಮಲ್ಲಿ ಅವುಗಳ ಮುಂದಿನ ದಾರಿ ಸಾಮಾನ್ಯವಾಗಿ ಮಾಂಸದಂಗಡಿಯೇ.

ಅಂಥ ಹೇಂಟೆಯೊಂದನ್ನು ಪಂಜರದಿಂದ ತಂದು ಮರದ ಹುಡಿ ಹರಡಿದ ನೆಲಕ್ಕೆ ಇಳಿಸಿದ್ದನ್ನು ಕುಲಶೇಖರದ ಒಂದು ಮನೆಯಲ್ಲಿ ನೋಡಿದ್ದೇನೆ. ಅದು ನಡೆಯಲಿಲ್ಲ. ಒಂದು ಕಾಲು ಎತ್ತಿತು, ಇಡಲು ತಿಳಿಯದೆ ಗಾಳಿಯಲ್ಲೇ ಹಿಡಿಯಿತು, ಉದ್ದ ಉಗುರು ಹುಡಿಗೆ ತಾಗಿದಾಗ ಬೆಚ್ಚಿ ಹಿಂದೆ ಸರಿಯಿತು. ಎದುರಿನ ತಟ್ಟೆಯಲ್ಲಿ ಅನ್ನ ಇತ್ತು, ಅದಕ್ಕೆ ಅನ್ನ ಗೊತ್ತಿಲ್ಲ. ತುದಿ ಕತ್ತರಿಸಿದ ಕೊಕ್ಕಿಗೆ ಚಪ್ಪಟೆ ತಟ್ಟೆಯಿಂದ ಹೆಕ್ಕಲು ಬರುವುದೂ ಇಲ್ಲ. ಆಳದ ಬಟ್ಟಲಿಗೆ ಫಾರ್ಮಿನ ಹುಡಿ ಆಹಾರ ಹಾಕಿಕೊಟ್ಟ ಮೇಲೆ ತಿಂದಿತು. ಮನೆಯೊಡತಿ ಬಾಯಮ್ಮ ಒಂದು ವಾರ ಬಿಟ್ಟು ಬಚ್ಚಲೊಲೆಯ ಬೂದಿಯನ್ನು ಹೊಯಿಗೆಯ ಜತೆ ಬೆರೆಸಿ ಅಗಲದ ಬಾಣಲೆಯಲ್ಲಿ ಇಟ್ಟರು. ಅದರೊಳಗೆ ಇಳಿದ ಹೇಂಟೆ ಮಗ್ಗುಲಾಗಿ ಬಿದ್ದು, ಒಂದು ಕಾಲಿನಿಂದ ಬೂದಿಯನ್ನು ಮೈಮೇಲೆ ಎಳೆದುಕೊಂಡು, ಗರಿಗಳನ್ನೆಲ್ಲ ಅರಳಿಸಿ ಒದರಿತು. ಯಾರೂ ಕಲಿಸಿದ್ದಲ್ಲ, ತಾಯಿಯನ್ನು ಕಂಡ ಕೋಳಿಯೂ ಅಲ್ಲ. ನನಗೆ ಗಂಟಲು ಕಟ್ಟಿತು.

ಅದರ ಮೂಳೆಯ ಬಗ್ಗೆ ಜಾಗ್ರತೆ ಬೇಕು. ವರ್ಷಕ್ಕೆ ಮುನ್ನೂರರಷ್ಟು ಮೊಟ್ಟೆ ಇಡುವಂತೆ ಬೆಳೆಸಿದ ತಳಿ ಅದು. ಅದರ ಮೂಲವಾದ ಕೆಂಪು ಕಾಡುಕೋಳಿ ಇಡುವುದು ವರ್ಷಕ್ಕೆ ಹತ್ತು ಹದಿನೈದು. ಒಂದೊಂದು ಮೊಟ್ಟೆಯ ಚಿಪ್ಪಿಗೂ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು, ಆಹಾರದಲ್ಲಿ ಸಾಲದಿದ್ದರೆ ಮೂಳೆಯಿಂದ ಹೋಗುತ್ತದೆ. ಹೀಗಾಗಿ ಕಾಲು ಹಿಡಿದು ತಲೆಕೆಳಗಾಗಿ ಎತ್ತಿದರೆ ಮೂಳೆ ಮುರಿಯಬಹುದು. ಎರಡೂ ಕೈಯಿಂದ ರೆಕ್ಕೆಗಳನ್ನು ಮೈಗೆ ಒತ್ತಿ ಎತ್ತಬೇಕು. ಕ್ಯಾಲ್ಸಿಯಮ್ಮಿಗೆ ನಮ್ಮೂರಲ್ಲಿ ಅಂಗಡಿಗೆ ಹೋಗಬೇಕಾಗಿಯೇ ಇಲ್ಲ. ಮರುವಾಯಿ ಸುಕ್ಕ ಮಾಡಿದ ದಿನ ಉಳಿದ ಚಿಪ್ಪುಗಳನ್ನು ಉಪ್ಪು, ಮಸಾಲೆ ಹೋಗುವಂತೆ ತೊಳೆದು, ಬಿಸಿಲಿಗೆ ಒಣಗಿಸಿ, ಗುದ್ದಿ ಜೋಳದ ಕಾಳಿನಷ್ಟು ಚೂರು ಮಾಡಿ ಬೇರೆ ಬಟ್ಟಲಿನಲ್ಲಿ ಇಡಿ. ಕೋಳಿ ತನಗೆ ಬೇಕಾದಷ್ಟನ್ನೇ ತಿನ್ನುತ್ತದೆ. ಗರಿ ಬರಲು ಪ್ರೊಟೀನ್ ಬೇಕು, ಬೇಯಿಸಿದ ಮೀನಿನ ತಲೆ ಒಳ್ಳೆಯದು, ಒಣಮೀನು ಬೇಡ, ಅದರಲ್ಲಿ ಉಪ್ಪು ವಿಪರೀತ. ಫಾರ್ಮಿನ ಆಹಾರದಿಂದ ಕುಚ್ಚಲಕ್ಕಿ ಅನ್ನ, ಸೊಪ್ಪಿಗೆ ವಾರವೊಂದರಲ್ಲಿ ನಿಧಾನವಾಗಿ ಬದಲಿಸಿ.

ಈಗ ಗುಂಪಿನ ವಿಷಯ. ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ ಎಂಬಾತ ಹುಡುಗನಾಗಿದ್ದಾಗಲೇ ಮನೆಯ ಕೋಳಿಗಳ ಜಗಳವನ್ನು ಬರೆದಿಡುತ್ತಿದ್ದ. ಯಾವುದು ಯಾವುದನ್ನು ಕುಕ್ಕುತ್ತದೆ, ಯಾವುದು ತಲೆ ತಗ್ಗಿಸಿ ದಾರಿ ಬಿಡುತ್ತದೆ ಎಂದು ವರ್ಷಗಟ್ಟಲೆ ನೋಡಿ 1921ರಲ್ಲಿ ಅದನ್ನೇ ತನ್ನ ಡಾಕ್ಟರೇಟ್ ಪ್ರಬಂಧವಾಗಿಸಿದ. ಪ್ರತಿ ಎರಡು ಕೋಳಿಗಳ ನಡುವೆಯೂ ಮೇಲು ಯಾರು ಎಂಬುದು ತೀರ್ಮಾನವಾಗಿರುತ್ತದೆ, ಒಮ್ಮೆ ತೀರ್ಮಾನವಾದ ಮೇಲೆ ಜಗಳ ಕಡಿಮೆಯಾಗುತ್ತದೆ. ಈ ಕುಕ್ಕಿನ ಶ್ರೇಣಿ ಇಂದು ಪ್ರಾಣಿವರ್ತನೆಯ ಪಾಠಗಳಲ್ಲೆಲ್ಲ ಇದೆ. 1950ರ ದಶಕದಲ್ಲಿ ಅಮೆರಿಕದ ಎ. ಎಂ. ಗುಲ್ ಕೋಳಿಗಳ ಜುಟ್ಟು, ಗರಿಗಳ ರೂಪ ಬದಲಿಸಿ ಪರೀಕ್ಷಿಸಿದಾಗ ಅವು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ತಲೆ ಮತ್ತು ಜುಟ್ಟಿನಿಂದ ಎಂದು ಕಂಡುಬಂತು. ಎರಡು ಮೂರು ವಾರ ಗುಂಪಿನಿಂದ ದೂರವಿದ್ದ ಕೋಳಿ ಮರಳಿದಾಗ ಹಳೆಯ ಸ್ಥಾನ ಉಳಿದಿರುವುದಿಲ್ಲ.

ಇದನ್ನು ನಮ್ಮ ಹೊಸಬಳಿಗೆ ಅನ್ವಯಿಸಿ ನೋಡಿ. ಪಂಜರದಲ್ಲಿ ಅದಕ್ಕೆ ಗೊತ್ತಿದ್ದದ್ದು ಮೂರ್ನಾಲ್ಕು ಮುಖಗಳು. ಕೊಕ್ಕು ಮೊಂಡು, ಜುಟ್ಟು ಬಿಳಿಚಿ ಒಂದು ಕಡೆಗೆ ವಾಲಿದೆ, ಬೆನ್ನಿನ ಚರ್ಮ ಕೆಂಪಗೆ ಹೊರಗೆ ಕಾಣುತ್ತಿದೆ. ಕೋಳಿಗೆ ಕೆಂಪು ಕಂಡರೆ ಕುಕ್ಕುವ ಚಪಲ, ರಕ್ತ ಬಂತೆಂದರೆ ಉಳಿದವೂ ಸೇರಿಕೊಳ್ಳುತ್ತವೆ. ಮೊದಲ ದಿನವೇ ಬಿಟ್ಟರೆ ಅದು ಸೋಲುವುದು ಖಂಡಿತ. ತಿಂಗಳು ತಿಂದುಂಡು ಜುಟ್ಟು ಕೆಂಪಾಗಿ, ಗರಿ ಮೂಡಿ, ಕಾಲಿಗೆ ಬಲ ಬಂದ ಮೇಲೆ ಬಿಟ್ಟರೆ ಸೋತರೂ ಓಡಿ ತಪ್ಪಿಸಿಕೊಳ್ಳಬಲ್ಲದು.

ಬಾಯಮ್ಮನ ಮನೆಯಲ್ಲಿ ಹಿಂದಿನಿಂದಲೂ ನಡೆದುಬಂದ ಕ್ರಮ ಬಿದಿರಿನ ಬುಟ್ಟಿಯದ್ದು. ಹೊಸ ಕೋಳಿಯನ್ನು ಹಿತ್ತಿಲಿನ ನಡುವೆ ಬುಟ್ಟಿ ಕವುಚಿ ಅದರೊಳಗೆ ಇಡುವುದು. “ಹೊರಗಿನವು ಬಂದು ನೋಡ್ತವೆ, ಸುತ್ತು ಹಾಕ್ತವೆ, ಮತ್ತೆ ಬೇಸರ ಬಂದು ಹೋಗ್ತವೆ. ಒಟ್ಟಿಗೆ ಬಿಡ್ಲಿಕ್ಕೆ ಅವಸರ ಎಂತದ್ದು ಮಾರಾಯ್ರೆ?” ಎಂದರು. ಕಾಣಬೇಕು, ಮುಟ್ಟಬಾರದು ಎಂಬ ತತ್ವ ಆ ಬುಟ್ಟಿಯಲ್ಲಿದೆ. ಬುಟ್ಟಿ ದಿನವಿಡೀ ಇರಲು ಸಣ್ಣದಾಯಿತು, ಅಷ್ಟೇ. ಬೇರೆ ಇಟ್ಟ ತಿಂಗಳು ಮುಗಿದ ಮೇಲೆ ಗೂಡಿನ ಒಂದು ಭಾಗಕ್ಕೆ ಚಿಕನ್ ಮೆಶ್ ಅಡ್ಡ ಕಟ್ಟಿ ಹೊಸತನ್ನು ಒಂದು ಬದಿ, ಹಳೆಯವನ್ನು ಇನ್ನೊಂದು ಬದಿ ಇಡಿ, ಒಂದರಿಂದ ಎರಡು ವಾರ. ಆಹಾರದ ಬಟ್ಟಲುಗಳು ಮೆಶ್‌ನ ಎರಡೂ ಬದಿಗೆ ಹತ್ತಿರ ಹತ್ತಿರ ಇರಲಿ, ಒಂದರ ಎದುರು ಒಂದು ತಿನ್ನಲು ರೂಢಿಯಾಗುತ್ತದೆ. ಕಾಲಿಗೆ ಹಗ್ಗ ಹಾಕಿ ಗೂಟಕ್ಕೆ ಕಟ್ಟುವ ಪದ್ಧತಿ ಮಾತ್ರ ಬೇಡವೇ ಬೇಡ. ಕಟ್ಟಿದ ಕೋಳಿಗೆ ಓಡಲಾಗುವುದಿಲ್ಲ, ನಾಯಿಗೂ ಗಿಡುಗನಿಗೂ ಸುಲಭದ ತುತ್ತು.

ಸೇರಿಸುವ ದಿನ ಸಂಜೆ ನಾಲ್ಕರ ಹೊತ್ತು ಒಳ್ಳೆಯದು. ಗೂಡಿನೊಳಗೆ ಬೇಡ, ತೆರೆದ ಹಿತ್ತಿಲಿನಲ್ಲಿ ಬಿಡಿ. ಒಂಟಿ ಕೋಳಿಯನ್ನು ಸೇರಿಸುವುದಕ್ಕಿಂತ ಎರಡನ್ನು ಒಟ್ಟಿಗೆ ಬಿಟ್ಟರೆ ಏಟು ಹಂಚಿಹೋಗುತ್ತದೆ. ನೀರು, ಆಹಾರ ಎರಡು ಮೂರು ಕಡೆ ಇರಲಿ, ಒಂದು ಕಡೆ ಕಾವಲು ಕುಳಿತ ಗಯ್ಯಾಳಿ ಹೇಂಟೆ ಇನ್ನೊಂದು ಕಡೆ ಕಾಯಲಾಗದು. ಗೋಡೆಗೆ ಓರೆಯಾಗಿ ಒರಗಿಸಿದ ಹಲಗೆ, ಎರಡೂ ಕಡೆ ತೆರೆದ ಮಡಲಿನ ರಾಶಿ, ಹೀಗೆ ನುಗ್ಗಿ ಹೊರಬರುವ ಜಾಗಗಳಿರಬೇಕು. ಒಂದೇ ಬಾಯಿಯ ಮೂಲೆ ಅಪಾಯ, ಅಲ್ಲಿ ಸಿಕ್ಕಿಕೊಂಡದ್ದು ತಲೆ ತಗ್ಗಿಸಿ ಪೆಟ್ಟು ತಿನ್ನುತ್ತಲೇ ಇರುತ್ತದೆ. ಎದೆ ಉಬ್ಬಿಸುವುದು, ಕತ್ತಿನ ಗರಿ ನಿಗುರಿಸುವುದು, ಒಂದೆರಡು ಕುಕ್ಕು, ಸ್ವಲ್ಪ ದೂರ ಅಟ್ಟುವುದು, ಇವೆಲ್ಲ ನಡೆಯಲಿ ಬಿಡಿ. ಮಧ್ಯೆ ಬಾಯಿ ಹಾಕಿದರೆ ತೀರ್ಮಾನ ನಾಳೆಗೆ ಮುಂದೂಡಿದಂತೆ. ರಕ್ತ ಕಂಡರೆ, ಅಥವಾ ಒಂದೇ ಕೋಳಿ ಬಿಡದೆ ಬೆನ್ನಟ್ಟಿ ಹೊಸತು ನೀರಿನ ಬಳಿಗೂ ಬರದಂತಾದರೆ ಮಾತ್ರ ಎತ್ತಿಕೊಳ್ಳಬೇಕು. ಗಾಯವನ್ನು ಉಪ್ಪು ನೀರಿನಲ್ಲಿ ತೊಳೆದು, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ ಮೆತ್ತಿದರೆ ಕೆಂಪೂ ಮರೆಯಾಗುತ್ತದೆ. ಆಗ ಹೆಚ್ಚಿನವರು ಪೆಟ್ಟು ತಿಂದದ್ದನ್ನೇ ಬೇರೆ ಹಾಕುತ್ತಾರೆ. ಅದು ಮರಳಿದಾಗ ಇನ್ನೂ ಹೊಸಬಳಾಗುತ್ತದೆ. ಹೊಡೆಯುವ ಹೇಂಟೆಯನ್ನು ನಾಲ್ಕೈದು ದಿನ ಗುಂಪಿಗೆ ಕಾಣದ ಕಡೆ ಇಟ್ಟು ನೋಡಿ. ಅದು ಬರುವಷ್ಟರಲ್ಲಿ ಉಳಿದವು ಹೊಂದಿಕೊಂಡಿರುತ್ತವೆ, ಅದರ ದರ್ಪವೂ ಇಳಿದಿರುತ್ತದೆ. ಗುಂಪಿನಲ್ಲಿ ಪ್ರಾಯದ ಹುಂಜವಿದ್ದರೆ ಹೇಂಟೆಗಳ ಜಗಳದ ನಡುವೆ ಅದೇ ಬಂದು ನಿಲ್ಲುವುದೂ ಉಂಟು.

ರಾತ್ರಿ ಕೋಳಿಗೆ ಕಣ್ಣು ಸರಿಯಾಗಿ ಕಾಣದು. ಕತ್ತಲಾದ ಮೇಲೆ ಹೊಸತನ್ನು ಒಯ್ದು ಹಳೆಯವುಗಳ ಪಕ್ಕ ಅಡ್ಡಗೋಲಿನ ಮೇಲೆ ಕೂರಿಸಿದರೆ ಆ ಹೊತ್ತಿಗೆ ಜಗಳವಿಲ್ಲ. ಇದೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ನಂಬಿದವರು ಬೆಳಗ್ಗೆ ಗೂಡಿನ ಬಾಗಿಲು ತಡವಾಗಿ ತೆರೆದು ಸತ್ತ ಕೋಳಿಯನ್ನು ಕಂಡದ್ದುಂಟು. ಮೆಶ್‌ನ ಹಂತ ಮುಗಿಸಿಯೇ ಹೀಗೆ ಮಾಡಬೇಕು, ಬೆಳಕು ಹರಿಯುವ ಮೊದಲು ಗೂಡಿನ ಬಳಿ ಇರಬೇಕು. ಪಂಜರದ ಹೇಂಟೆಗೆ ಸಂಜೆ ಗೂಡು ಸೇರಬೇಕೆಂಬ ತಿಳಿವಳಿಕೆ ಇರುವುದಿಲ್ಲ, ಕತ್ತಲಾದಲ್ಲೇ ಕುಳಿತುಬಿಡುತ್ತದೆ. ನಮ್ಮ ಹಿತ್ತಿಲಿಗೆ ಮಾಡಿನ ಮೇಲಿಂದ ಪುನುಗು ಬೆಕ್ಕು, ಕಂಪೌಂಡಿನ ಸಂದಿಯಿಂದ ಹೆಬ್ಬಾವು, ಹಗಲಲ್ಲೇ ಮುಂಗುಸಿ ಬರುವುದುಂಟು. ಕೆಲವು ವಾರ ದಿನಾ ಮುಸ್ಸಂಜೆ ಎತ್ತಿ ಒಳಗೆ ಹಾಕಬೇಕು. ರಾತ್ರಿ ಗೂಡಿಗೆ ಅರ್ಧ ಇಂಚಿನ ವೆಲ್ಡ್‌ಮೆಶ್ ಬೇಕು, ತೆಳು ಚಿಕನ್ ಮೆಶ್ ಮುಂಗುಸಿಗೂ ಇಲಿಗೂ ತಡೆಯಲ್ಲ.

ಕೆಲವನ್ನು ಸೇರಿಸಲೇಬಾರದು. ರಸ್ತೆಯಲ್ಲಿ ಸಿಕ್ಕ ಬ್ರಾಯ್ಲರ್ ಕೋಳಿ ನಲವತ್ತು ದಿನದಲ್ಲಿ ಎರಡು ಕಿಲೋ ಆಗಲು ಬೆಳೆಸಿದ್ದು. ಮೈ ಬೆಳೆದ ವೇಗಕ್ಕೆ ಕಾಲೂ ಹೃದಯವೂ ಬೆಳೆದಿರುವುದಿಲ್ಲ. ಆಹಾರವನ್ನು ಅಳತೆಯಲ್ಲಿ, ಹೊತ್ತು ಹೊತ್ತಿಗೆ ಕೊಟ್ಟು ನಡೆಸಿದರೆ ತಿಂಗಳುಗಟ್ಟಲೆ ಬದುಕಬಲ್ಲದು, ಆದರೆ ಊರಿನ ಕೋಳಿಯ ಜತೆ ಓಡಿ ತಪ್ಪಿಸಿಕೊಳ್ಳಲಾರದು. ಅದಕ್ಕೆ ಮೆಶ್‌ನ ಈಚೆ ಬದಿಯೇ ಶಾಶ್ವತ ಮನೆಯಾದರೆ ತಪ್ಪಿಲ್ಲ. ಬಣ್ಣದ ಮರಿಗಳು ಹೆಚ್ಚಾಗಿ ಮೊಟ್ಟೆ ತಳಿಯ ಗಂಡುಗಳು, ಹೆಣ್ಣಲ್ಲವೆಂದು ಹ್ಯಾಚರಿ ಬೇಡವೆಂದವು. ಮೈ ತುಂಬಿ ದೊಡ್ಡವುಗಳ ಅಳತೆಗೆ ಬರುವವರೆಗೆ ಬೇರೆ ಇರಲಿ, ಆಮೇಲೂ ಮನೆಯ ಹುಂಜದ ಜತೆ ಆಗಿಬರುವುದು ಅಪರೂಪ.

ಅಂಕದ ಹುಂಜದ ವಿಷಯಕ್ಕೆ ಬಂದೆ. ಕಾಲಿಗೆ ಬಾಳು ಎಂಬ ಸಣ್ಣ ಕತ್ತಿ ಕಟ್ಟಿ ಕಾದಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಂತೆ ಅಪರಾಧ. ದಾಳಿಯಲ್ಲಿ ವಶವಾದ ಹುಂಜಗಳನ್ನು ಠಾಣೆಯಲ್ಲಿ ಸಾಕಲಾಗದೆ ಕೋರ್ಟಿನ ಅನುಮತಿ ಪಡೆದು ಹರಾಜು ಹಾಕುವುದು ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲೂ ಕಾಸರಗೋಡಿನಲ್ಲೂ ನಡೆಯುತ್ತ ಬಂದಿದೆ. ಹರಾಜಿನಲ್ಲಿ ಕೊಳ್ಳುವವರಲ್ಲಿ ಅಂಕದವರೂ ಇದ್ದರೆ ಹುಂಜ ಪುನಃ ಕಣಕ್ಕೇ. ಇದಕ್ಕೆ ಬೇರೆ ದಾರಿ ಕಾನೂನಿನಲ್ಲೇ ಇದೆ: ಪ್ರಕರಣದಲ್ಲಿ ವಶಪಡಿಸಿಕೊಂಡ ಪ್ರಾಣಿಗಳ ಪಾಲನೆಗೆಂದು 2017ರಲ್ಲಿ ಬಂದ ನಿಯಮಗಳ ಪ್ರಕಾರ ಮ್ಯಾಜಿಸ್ಟ್ರೇಟರು ಅವನ್ನು ಪ್ರಾಣಿಕಲ್ಯಾಣ ಸಂಸ್ಥೆಯ ಸುಪರ್ದಿಗೆ ಕೊಡಬಹುದು, ಖರ್ಚಿನ ಹೊಣೆ ಆರೋಪಿಯ ಮೇಲೆ ಹೊರಿಸಬಹುದು. ಹಸುವಿಗೆ ಕೇಳುವ ಈ ನಿಯಮವನ್ನು ಹುಂಜಕ್ಕೂ ಕೇಳಬೇಕು. ಕಾಯ್ದೆಯ ಕಣ್ಣಿನಲ್ಲಿ ಮನುಷ್ಯನಲ್ಲದ ಜೀವಿಯೆಲ್ಲ ಪ್ರಾಣಿಯೇ. ಅಂಥ ಹುಂಜ ನಿಮ್ಮ ಮನೆಗೆ ಬಂದರೆ ಬೇರೆ ಗಂಡು ಅದರ ಕಣ್ಣಿಗೂ ಬೀಳದಂತೆ ತಟ್ಟಿಯ ಮರೆ ಇರಲಿ, ಎರಡು ಶಾಂತ ಹೇಂಟೆಗಳ ಜತೆ ಪ್ರತ್ಯೇಕ ಗೂಡು ಕೊಡಿ. ಮನುಷ್ಯರ ಕೈಯಲ್ಲಿ ಬೆಳೆದದ್ದಾದ್ದರಿಂದ ನಮ್ಮ ಮಟ್ಟಿಗೆ ಅದು ಬಹಳ ಸೌಮ್ಯ.

ಸೇರಿಕೊಂಡ ಹೇಂಟೆ ಮೊಟ್ಟೆ ಇಡಬಹುದು, ಇಡದೆಯೂ ಇರಬಹುದು. ಮದ್ದು ಹಾಕಿದ್ದರೆ ವೈದ್ಯರು ಹೇಳಿದಷ್ಟು ದಿನ ಮೊಟ್ಟೆ ತಿನ್ನಬೇಡಿ. ಅತಿಯಾಗಿ ಮೊಟ್ಟೆ ಇಡುವಂತೆ ಮಾಡಿದ ಮೈಯಾದ್ದರಿಂದ ಒಂದು ದಿನ ಹೊಟ್ಟೆ ಊದಿ, ಬಾಲ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿ ನಿಲ್ಲಬಹುದು. ಮೊಟ್ಟೆಯ ಹಳದಿ ಲೋಳೆ ಹೊಟ್ಟೆಯೊಳಗೆ ಸೇರಿ ಕೀವಾದಾಗ ಹೀಗಾಗುತ್ತದೆ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಚಿಕಿತ್ಸೆಯ ದಿನಗಳಲ್ಲಿ ಅದು ಬೇರೆ ಇರಬೇಕಾದರೂ ರೋಗ ಅಂಟುವಂಥದ್ದಲ್ಲ ಎಂದು ವೈದ್ಯರು ಹೇಳಿದರೆ ದೂರ ಒಯ್ಯದೆ ಮೆಶ್‌ನ ಆಚೆ ಬದಿಯಲ್ಲೇ, ಗುಂಪಿಗೆ ಕಾಣುವಂತೆ ಇಡಿ. ಕಣ್ಣಿನಿಂದ ಮರೆಯಾಗಿ ಎರಡು ಮೂರು ವಾರ ಕಳೆದರೆ ಗುಂಪಿಗೆ ಅದು ಪುನಃ ಅಪರಿಚಿತ, ಸೇರಿಸುವ ಕೆಲಸವನ್ನೆಲ್ಲ ಮೊದಲಿನಿಂದ ಮಾಡಬೇಕಾಗುತ್ತದೆ.